ಗಣಿಯ ಪಾಳಿ, ಮನೆಯ ಪಾಳಿ



ಈ ಮಾಲಿಕೆಯಲ್ಲಿ ನನ್ನ ಜಾಗ ಕ್ಯಾಮೆರಾದ ಹಿಂದೆ. ಅತಿಥಿಗಳು ಬಂದು ಕೂರುತ್ತಾರೆ, ಅಂಗಿಗೆ ಮೈಕು ಸಿಕ್ಕಿಸಿಕೊಳ್ಳುತ್ತಾರೆ, ಗಂಟಲು ಸರಿಪಡಿಸಿಕೊಂಡು ನನ್ನ ಕಡೆ ನೋಡುತ್ತಾರೆ. ನಾನು ಕೈ ಬೀಸಿದ ಮೇಲೆ ಮಾತು ಶುರುವಾಗುತ್ತದೆ. ಈ ಸಲ ವೃತ್ತಿ ಮತ್ತು ಕುಟುಂಬ ಎಂಬ ವಿಷಯಕ್ಕೆ ಗಣಿ ಕೆಲಸ ಬಲ್ಲವರೊಬ್ಬರನ್ನು ಹುಡುಕುತ್ತಿದ್ದೆ. ನಮ್ಮ ಸಹೋದ್ಯೋಗಿಯೊಬ್ಬರು, "ಊರೆಲ್ಲ ಯಾಕೆ ಹುಡುಕುತ್ತೀರಿ? ನಿಮ್ಮ ಮನೆಯಲ್ಲೇ ಇದ್ದಾರಲ್ಲ" ಎಂದರು. ಅಪ್ಪನನ್ನು ಕೇಳಿದೆ. "ನಾ ಟೀವಿಯೊಳಗ ಏನ್ ಮಾತಾಡ್ಲಿ? ನೀನ ಹೇಳು" ಎಂದು ಅವರು ಜಾರಿಕೊಂಡರು. ಹೀಗಾಗಿ ಕ್ಯಾಮೆರಾದ ಮುಂದೆ ನಾನು ಕುಳಿತಿದ್ದೇನೆ. ಗಣಿಯ ಕೆಲಸ ಮಾಡಿದವನು ನಾನಲ್ಲ, ಆ ಕೆಲಸದವರ ಮನೆಯಲ್ಲಿ ಬೆಳೆದವನು. ನಾನು ಹೇಳುವುದನ್ನು ಅಷ್ಟಕ್ಕೇ ಇಟ್ಟುಕೊಂಡು ಕೇಳಿ.

ನಮ್ಮೂರು ಹುಬ್ಬಳ್ಳಿಯ ಗೋಪನಕೊಪ್ಪ. ಕೇಶ್ವಾಪುರ ದಾಟಿದರೆ, ಬೆಂಗೇರಿಯ ಮಗ್ಗುಲಲ್ಲೇ. ಈಗ ಅದು ಪೂರ್ತಿ ಪಟ್ಟಣದೊಳಗೆ ಸೇರಿಹೋಗಿದೆ. ನಾನು ಹುಡುಗನಾಗಿದ್ದಾಗ ಇನ್ನೂ ಅರ್ಧ ಹಳ್ಳಿ: ಮನೆಯ ಮುಂದೆ ಕಟ್ಟೆ, ಪಡಸಾಲೆಯ ಮಗ್ಗುಲಿಗೆ ದನದ ಕೊಟ್ಟಿಗೆ, ಮಳೆ ಬಂದರೆ ಚಪ್ಪಲಿಯನ್ನು ಕಿತ್ತುಕೊಳ್ಳುವ ಎರೆಮಣ್ಣು. ನಮ್ಮ ಓಣಿಯ ಗಂಡುಹುಡುಗರಿಗೆಲ್ಲ ಆಗ ಒಂದೇ ಕನಸು, ರೈಲ್ವೆ ವರ್ಕ್‌ಶಾಪು. ಅಲ್ಲಿಯ ಭೋಂಗಾ ಕೂಗಿದಾಗ ಸೈಕಲ್ ತುಳಿಯುತ್ತ ಹೋಗುವುದು, ಮತ್ತೆ ಕೂಗಿದಾಗ ಮನೆಗೆ ಬರುವುದು. ನಮ್ಮಪ್ಪನಿಗೂ ಅದೇ ಆಸೆ ಇತ್ತು. ಐ.ಟಿ.ಐ.ಯಲ್ಲಿ ಫಿಟ್ಟರ್ ಕಲಿತು ಎರಡು ಸಲ ಅರ್ಜಿ ಹಾಕಿದರಂತೆ, ಆಗಲಿಲ್ಲ. ಮನೆಯಲ್ಲಿದ್ದ ಮೂರು ಎಕರೆ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಸಾಲದು. ಲಿಂಗಸುಗೂರಿನ ಕಡೆಯ ನೆಂಟರೊಬ್ಬರು ಹೇಳಿದ್ದನ್ನು ಕೇಳಿ, 1974ರಲ್ಲಿ ಹಟ್ಟಿ ಚಿನ್ನದ ಗಣಿಗೆ ಹೋದರು. ಮರಳಿ ಊರಿಗೆ ನೆಲೆಸಲು ಬಂದದ್ದು 2010ರಲ್ಲಿ, ನಿವೃತ್ತಿಯಾದ ಮೇಲೆ. ನಡುವಿನ ಮೂವತ್ತಾರು ವರ್ಷ ಅವರು ನಮ್ಮ ಮನೆಗೆ ಬಂದುಹೋಗುವವರಾಗಿದ್ದರು.

ಹಟ್ಟಿ ಎಲ್ಲಿದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಪ್ರಶ್ನೆ ಎದ್ದಿರಬಹುದು. ಕೋಲಾರ ಎಲ್ಲರಿಗೂ ಗೊತ್ತು, ಹಟ್ಟಿ ಅಷ್ಟಾಗಿ ಗೊತ್ತಿಲ್ಲ. ಅದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಊರು. ಹೈದರಾಬಾದು ಸಂಸ್ಥಾನದ ಕಾಲದಲ್ಲಿ, 1947ರಲ್ಲಿ, ಅಲ್ಲಿ ಚಿನ್ನದ ಕಂಪನಿ ಸ್ಥಾಪನೆಯಾಯಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಕರ್ನಾಟಕದ ಪಾಲಿಗೆ ಬಂತು. ಆದರೆ ಆ ನೆಲದಲ್ಲಿ ಚಿನ್ನ ತೆಗೆಯುವುದು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕಸುಬು. ಹೊಸ ಗಣಿಯವರು ಕೆಳಗಿಳಿದಾಗ ಆರು ನೂರು ಅಡಿಯ ಆಳದವರೆಗೂ ಹಳಬರು ಕೊರೆದ ಜಾಗಗಳು ಸಿಕ್ಕವು. ಸಿಡಿಮದ್ದು ಇಲ್ಲದ ಕಾಲ ಅದು. ಬಂಡೆಯ ಮುಂದೆ ಕಟ್ಟಿಗೆ ಒಟ್ಟಿ ಉರಿ ಹಚ್ಚುವುದು, ಕಾದ ಬಂಡೆಗೆ ನೀರು ಹೊಯ್ಯುವುದು, ಬಿರಿದ ಚೂರುಗಳನ್ನು ಕೆತ್ತಿ ಮೇಲೆ ಸಾಗಿಸುವುದು. ಕಾದ ವಸ್ತು ಒಮ್ಮೆಗೇ ತಣಿದರೆ ಒಳಗೂ ಹೊರಗೂ ಸಮನಾಗಿ ಕುಗ್ಗದೆ ಬಿರುಕು ಬಿಡುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅವರು ಓದದೆಯೇ ತಿಳಿದಿದ್ದರು. ಆ ಇಕ್ಕಟ್ಟಿನಲ್ಲಿ ಹೊಗೆ ಎಲ್ಲಿಗೆ ಹೋಗುತ್ತಿತ್ತು, ಉಸಿರು ಹೇಗೆ ಆಡುತ್ತಿತ್ತು ಎಂದು ಯೋಚಿಸಿದರೆ ನನಗೆ ಈಗಲೂ ಎದೆ ಬಿಗಿಯುತ್ತದೆ.

ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ, ನಿಜಾಮರ ಸೇವೆಯಲ್ಲಿದ್ದ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ ಬಂಡೆಯ ಮೇಲೆ ಅಕ್ಷರಗಳು ಕಂಡವು. ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಮೊದಲ ಶಾಸನ ಅದು. ಚಿನ್ನದ ಜಾಡು ಹಿಡಿದು ಹೋದವರಿಗೆ ಚಕ್ರವರ್ತಿ ಸಿಕ್ಕ. ಮೌರ್ಯರು ಇಷ್ಟು ದೂರದ ದಕ್ಷಿಣಕ್ಕೆ ಏಕೆ ಬಂದರು ಎಂಬುದಕ್ಕೆ ಈ ಭಾಗದ ಚಿನ್ನವೂ ಒಂದು ಕಾರಣ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ.

ಇರಲಿ, ಅಪ್ಪನ ಕೆಲಸಕ್ಕೆ ಬರುತ್ತೇನೆ. ಗಣಿ ಎಂದೊಡನೆ ನೀವು ತಲೆಯ ಮೇಲೆ ದೀಪ ಕಟ್ಟಿಕೊಂಡು ಕತ್ತಲಲ್ಲಿ ಬಂಡೆ ಕೊರೆಯುವವರನ್ನು ನೆನೆಯುತ್ತೀರಿ. ಅಪ್ಪ ಹಾಗಿರಲಿಲ್ಲ. ಫಿಟ್ಟರನ ಸಹಾಯಕನಾಗಿ ಸೇರಿ, ಪರೀಕ್ಷೆ ಕಟ್ಟಿ, ಪ್ರಮಾಣಪತ್ರ ಪಡೆದು ವೈಂಡಿಂಗ್ ಎಂಜಿನ್ ಡ್ರೈವರ್ ಆದವರು. ಗಣಿಯ ಬಾಯಿಯ ಮೇಲೆ ಉಕ್ಕಿನ ಎತ್ತರದ ಗೋಪುರವೊಂದು ಇರುತ್ತದೆ, ಅದರ ತುದಿಯಲ್ಲಿ ದೊಡ್ಡ ಗಾಲಿಗಳು. ಗಾಲಿಯ ಮೇಲಿಂದ ಹಾದ ಉಕ್ಕಿನ ಹಗ್ಗದ ಒಂದು ತುದಿಗೆ ಕೇಜು, ಎಂದರೆ ಜನ ನಿಲ್ಲುವ ಪಂಜರ. ಇನ್ನೊಂದು ತುದಿ ಸ್ವಲ್ಪ ದೂರದ ಕಟ್ಟಡದೊಳಗಿನ ಭಾರಿ ಉರುಳೆಗೆ ಸುತ್ತಿರುತ್ತದೆ. ಆ ಉರುಳೆಯನ್ನು ತಿರುಗಿಸುವವರು ನಮ್ಮಪ್ಪ. ಒಂದು ಕೇಜು ಇಳಿಯುವಾಗ ಇನ್ನೊಂದು ಏರುವಂತೆ ಹಗ್ಗಗಳನ್ನು ಸುತ್ತಿರುತ್ತಾರೆ. ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದರೆ ಹೇಗೋ ಹಾಗೆ. ಒಂದರ ತೂಕ ಇನ್ನೊಂದನ್ನು ಎತ್ತಲು ಒದಗುವುದರಿಂದ ಎಂಜಿನ್ನಿಗೆ ಹೊರೆ ಕಡಿಮೆ.

ಮುಖ್ಯವಾದ ಸಂಗತಿ ಏನೆಂದರೆ, ಡ್ರೈವರನಿಗೆ ಕೇಜು ಕಾಣುವುದಿಲ್ಲ. ಅದರಲ್ಲಿ ನಿಂತವರೂ ಕಾಣುವುದಿಲ್ಲ. ಕಣ್ಣ ಮುಂದೆ ಆಳ ತೋರಿಸುವ ಸೂಚಕವಿರುತ್ತದೆ, ಕಿವಿಗೆ ಗಂಟೆ ಕೇಳುತ್ತದೆ. ನಿಂತಾಗ ಒಂದು ಗಂಟೆ ಬಡಿದರೆ ಮೇಲೆತ್ತು. ಚಲಿಸುವಾಗ ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ಇಳಿಸು. ಮೂರು ಬಡಿದರೆ ಮನುಷ್ಯರು ಹತ್ತುತ್ತಿದ್ದಾರೆ, ಹುಷಾರು. ಕಲ್ಲು ತುಂಬಿದ ತೊಟ್ಟಿಯನ್ನು ಎತ್ತುವ ವೇಗದಲ್ಲಿ ಮನುಷ್ಯರನ್ನು ಎತ್ತುವಂತಿಲ್ಲ. ಎಂಜಿನ್ನು ಬಹಳ ಹೊತ್ತು ನಿಂತಿದ್ದರೆ ಮೊದಲು ಖಾಲಿ ಕೇಜನ್ನು ಪೂರ್ತಿ ಒಮ್ಮೆ ಓಡಿಸಿ ನೋಡಿಯೇ ಜನರನ್ನು ಹತ್ತಿಸಬೇಕು. ಹಗ್ಗವನ್ನು ದಿನವೂ ಪರೀಕ್ಷಿಸಬೇಕು. ಎಂಜಿನ್ ಓಡಿಸುತ್ತಿರುವವನ ಜೊತೆ ಯಾರೂ ಮಾತನಾಡಬಾರದು.

ಈ ಕೊನೆಯ ನಿಯಮ ನಮ್ಮ ಮನೆಗೂ ಬಂದಿತ್ತು. ಅಪ್ಪ ಬಹಳ ಕಡಿಮೆ ಮಾತಿನವರು. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ, ಲಿಂಗಸುಗೂರು, ಕುಷ್ಟಗಿ, ಗದಗ ಎಂದು ಬಸ್ಸು ಬದಲಿಸುತ್ತ ಬರುತ್ತಿದ್ದರು. ಬಂದವರು ಕಟ್ಟೆಯ ಮೇಲೆ ಕೂರುತ್ತಿದ್ದರು. ನಾವು ಏನಾದರೂ ಕೇಳಿದರೆ, ಕೇಳಿದ್ದನ್ನು ಒಮ್ಮೆ ತಮ್ಮೊಳಗೇ ಹೇಳಿಕೊಂಡು, ಆಮೇಲೆ ಒಂದು ಮಾತಿನಲ್ಲಿ ಉತ್ತರ. ನಮಗೆ ಅದು ಸಿಟ್ಟಿನಂತೆ ಕಾಣುತ್ತಿತ್ತು. ಬಾಗಿಲ ಚಿಲಕ ಯಾರಾದರೂ ಬಡಿದರೆ ಎಷ್ಟು ಸಲ ಬಡಿದರು ಎಂದು ಅವರು ಎಣಿಸುತ್ತಿದ್ದುದು ಮಾತ್ರ ನಮಗೆ ತಮಾಷೆ. ನಾನೂ ನನ್ನ ತಂಗಿಯೂ ಬೇಕೆಂದೇ ಮೂರು ಸಲ ಬಡಿದು ಓಡುತ್ತಿದ್ದೆವು.

ನೀವು ಕೇಳಬಹುದು, ಸಂಸಾರ ಹಟ್ಟಿಯಲ್ಲೇ ಯಾಕೆ ಇರಲಿಲ್ಲ ಎಂದು. ಮೊದಲು ಇತ್ತು. ನನ್ನ ಮೂರನೆಯ ಇಯತ್ತೆಯವರೆಗೆ ನಾವು ಕ್ಯಾಂಪಿನ ಕ್ವಾರ್ಟರ್ಸಿನಲ್ಲೇ ಇದ್ದೆವು. ಆಮೇಲೆ ಅಜ್ಜಿ ಹಾಸಿಗೆ ಹಿಡಿದರು, ಊರಲ್ಲಿ ನೋಡಿಕೊಳ್ಳಲು ಹೆಣ್ಣುಮಕ್ಕಳಿರಲಿಲ್ಲ, ಹೊಲದ ಪಾಲಿನ ಲೆಕ್ಕವೂ ಇತ್ತು. ಅವ್ವ ನಮ್ಮಿಬ್ಬರನ್ನು ಕಟ್ಟಿಕೊಂಡು ಗೋಪನಕೊಪ್ಪಕ್ಕೆ ಬಂದರು. ಎರಡು ವರ್ಷಕ್ಕೆಂದು ಬಂದದ್ದು ಅಲ್ಲೇ ಉಳಿಯಿತು. ಅವ್ವನ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಪಕ್ಕದಲ್ಲಿ ಪೆನ್ಸಿಲಿನ ಒಂದು, ಎರಡು, ಮೂರು ಎಂಬ ಅಂಕಿಗಳಿರುತ್ತಿದ್ದವು. ಅಪ್ಪನಿಗೆ ಆ ವಾರ ಯಾವ ಪಾಳಿ ಎಂಬ ಗುರುತು. ಮೂರನೆಯ ಪಾಳಿ, ಎಂದರೆ ರಾತ್ರಿ ಪಾಳಿ ಇದ್ದ ವಾರ ಅವ್ವ ನಡುರಾತ್ರಿ ಎದ್ದು ನೀರು ಕುಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. "ಯಾಕ ಎದ್ದಿ?" ಎಂದರೆ "ಸುಮ್ನ" ಎನ್ನುತ್ತಿದ್ದರು. ಎರಡು ನೂರು ಕಿಲೋಮೀಟರಿನ ಆಚೆ ಒಬ್ಬರು ಎಚ್ಚರವಿದ್ದರೆ ಇಲ್ಲಿ ಇನ್ನೊಬ್ಬರಿಗೆ ನಿದ್ದೆ ಇಲ್ಲ. ಅವ್ವನಿಗೆ ಅದರ ಸಂಬಳವೂ ಇರಲಿಲ್ಲ, ರಜೆಯೂ ಇರಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಹಟ್ಟಿಯಂಥ ಗಣಿಯಲ್ಲಿ ಚಿನ್ನ ಗಟ್ಟಿಯಾಗಿ ಬಿದ್ದಿರುವುದಿಲ್ಲ. ಬಿಳಿಯ ಬೆಣಚುಕಲ್ಲಿನಲ್ಲಿ, ಅದರ ಅಕ್ಕಪಕ್ಕದ ಕಪ್ಪು ಶಿಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿರುತ್ತದೆ. ಒಂದು ಟನ್ ಅದುರಿನಲ್ಲಿ ಸಿಗುವುದು ಕೆಲವೇ ಗ್ರಾಂ. ಟನ್ನಿಗೆ ನಾಲ್ಕು ಗ್ರಾಂ ಎಂದು ಹಿಡಿಯಿರಿ. ನಿಮ್ಮ ತಾಯಿಯ ತಾಳಿಯಲ್ಲಿ ಎಂಟು ಗ್ರಾಂ ಬಂಗಾರವಿದ್ದರೆ, ಅದಕ್ಕೆ ಎರಡು ಟನ್ ಬಂಡೆಯನ್ನು ಕೊರೆದು, ಸಿಡಿಸಿ, ಎರಡು ಸಾವಿರ ಅಡಿಯ ಕೆಳಗಿನಿಂದ ಎತ್ತಿ, ಹಿಟ್ಟಿನಂತೆ ಬೀಸಿ, ಸಯನೈಡು ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು. ಉಳಿದ ಅಷ್ಟೂ ಪುಡಿ ದಿಬ್ಬವಾಗಿ ಬೀಳುತ್ತದೆ. ಹಟ್ಟಿಗೆ ಹೋಗುವವರಿಗೆ ಮೊದಲು ಕಾಣುವುದು ಚಿನ್ನವಲ್ಲ, ಆ ದಿಬ್ಬ. ಅವ್ವನ ಕೊರಳಲ್ಲಿ ಇದ್ದದ್ದು ಎರಡು ಸಣ್ಣ ಗುಂಡು, ಕರಿಮಣಿ. ಚಿನ್ನದ ಗಣಿಯವನ ಹೆಂಡತಿ ಎಂದು ಓಣಿಯ ಹೆಂಗಸರು ತಮಾಷೆ ಮಾಡಿದರೆ ಅವ್ವನೂ ನಗುತ್ತಿದ್ದರು.

ಈಗ 1992ರ ಮಳೆಗಾಲದ ಒಂದು ದಿನಕ್ಕೆ ಬರುತ್ತೇನೆ. ನಾನು ಆಗ ಏಳನೆಯ ಇಯತ್ತೆ. ಬೆಳಿಗ್ಗೆ ಅಜ್ಜಿ ತೀರಿಕೊಂಡರು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಅಂಚೆ ಕಚೇರಿಗೆ ಓಡಿ ತಾರು ಕೊಟ್ಟು ಬಂದರು. ತಾರು ಎಂದರೆ ಟೆಲಿಗ್ರಾಂ. ನಮ್ಮ ದೇಶದಲ್ಲಿ ಅದು ನಿಂತದ್ದು 2013ರಲ್ಲಿ, ನೀವು ನೋಡಿರಲಿಕ್ಕಿಲ್ಲ. ಅಂದು ಸಂಜೆಯಾದರೂ ಅಪ್ಪ ಬರಲಿಲ್ಲ, ರಾತ್ರಿಯೂ ಬರಲಿಲ್ಲ. ಮರುದಿನ ಬೆಳಗಿನವರೆಗೆ ಕಾಯ್ದರು. ಮಳೆ ಹಿಡಿದಿತ್ತು, ಇನ್ನು ಇಡುವುದು ಬೇಡವೆಂದು ಹಿರಿಯರು ಹೇಳಿದರು. ಮಣ್ಣು ಮುಗಿಸಿ ಜನ ಕೈಕಾಲು ತೊಳೆಯುತ್ತಿರುವಾಗ ಅಪ್ಪ ಓಣಿಯ ತುದಿಯಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಚೀಲ ಕೂಡ ಇರಲಿಲ್ಲ.

ದೊಡ್ಡಪ್ಪ ಅವರ ಅಂಗಿಯ ಕಿಸೆಯಿಂದ ತಾರಿನ ಕಾಗದ ಎಳೆದು ನೋಡಿದರು. ಅದು ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಕೇಳಿದರು. ಅಪ್ಪ ಸುಳ್ಳು ಹೇಳುವವರಲ್ಲ. "ನಿನ್ನೆ ನಾಲ್ಕಕ್ಕ" ಎಂದರು. "ನಾಲ್ಕಕ್ಕ ಮುಟ್ಟೇತಿ, ನೀ ಬಸ್ ಹತ್ತಿದ್ದು ಇವತ್ತ ಮುಂಜಾನೆ. ಹಡೆದ ತಾಯಿಕಿಂತ ಹೆಚ್ಚಿಂದು ಏನಿತ್ತೋ ಅಲ್ಲಿ?" ಎಂದು ದೊಡ್ಡಪ್ಪ ಅಷ್ಟು ಜನರ ಮುಂದೆ ಕೂಗಿದರು. ಅಪ್ಪ ಹೇಳಿದ್ದು ಇಷ್ಟೇ: "ಮಂದಿ ಕೆಳಗಿದ್ರು."

ಎರಡನೆಯ ಪಾಳಿ ಮುಗಿಯುವುದು ರಾತ್ರಿ. ಚಹಾಕ್ಕೆಂದು ಹೊರಗೆ ಬಂದಾಗ ಕೈಗೆ ಸಿಕ್ಕ ತಾರನ್ನು ಅವರು ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಮತ್ತೆ ಒಳಗೆ ಹೋಗಿದ್ದರು. ಹೇಳಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಬದಲಿಗೆ ಇನ್ನೊಬ್ಬರು ಬಂದು ಕೂರುತ್ತಿದ್ದರು. ಅವರು ಹೇಳಲಿಲ್ಲ. ಪಾಳಿಯವರನ್ನೆಲ್ಲ ಮೇಲೆ ತಂದು ಹೊರಬಿದ್ದಾಗ ಕೊನೆಯ ಬಸ್ಸು ಹೋಗಿತ್ತು. ತಾಯಿಯ ಮಣ್ಣಿಗೆ ಬರಲಿಲ್ಲ ಎಂಬ ಮಾತು ಅಪ್ಪನಿಗೆ ಆ ದಿನದಿಂದ ಅಂಟಿಕೊಂಡಿತು. ದೊಡ್ಡಪ್ಪ ಐದು ವರ್ಷ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ನಾನು? ನಾನೂ ದೊಡ್ಡಪ್ಪನ ಕಡೆಗೇ ಇದ್ದೆ. ಕೆಲಸವನ್ನು ಮನೆಗಿಂತ ದೊಡ್ಡದು ಮಾಡಿಕೊಂಡವರು ಎಂದು ಅಪ್ಪನ ಬಗ್ಗೆ ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟೆ. ಹನ್ನೆರಡು ವರ್ಷದ ಹುಡುಗ ಒಮ್ಮೆ ಬರೆದುಕೊಂಡದ್ದನ್ನು ಅಳಿಸುವುದು ಕಷ್ಟ.

ಆದರೂ ಡಿಗ್ರಿಗೆ ನಾನು ತೆಗೆದುಕೊಂಡ ವಿಷಯಗಳಲ್ಲಿ ಭೂವಿಜ್ಞಾನವೂ ಒಂದು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಕಾಲ ಕೆಳಗಿನ ನೆಲದ ಹೆಸರೇ ಪಠ್ಯಪುಸ್ತಕದಲ್ಲಿತ್ತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ದಕ್ಷಿಣ ಭಾರತದ ಚಿನ್ನ ಹೊತ್ತ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟರು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಶಿಲೆಗಳು ಅವು. ಗದಗಿನ ಕಪ್ಪತಗುಡ್ಡ, ಹಟ್ಟಿ, ಕೋಲಾರ, ಮೂರರ ಚಿನ್ನವೂ ಇಂಥ ಪುರಾತನ ಶಿಲಾಪಟ್ಟಿಗಳಲ್ಲೇ ಇದೆ. ಕಪ್ಪತಗುಡ್ಡದ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರು ನಮ್ಮ ಕಡೆ ಇದ್ದರು. ಇದನ್ನೆಲ್ಲ ಓದಿ ಊರಿಗೆ ಬಂದಾಗ ಅಪ್ಪ ನನ್ನ ಪುಸ್ತಕ ತೆಗೆದು ನಕ್ಷೆಗಳನ್ನು ಬಹಳ ಹೊತ್ತು ನೋಡುತ್ತಿದ್ದರು. ಮಗ ಗಣಿಗೆ ಬರುತ್ತಾನೆ ಎಂದು ಅವರಿಗೆ ಆಸೆ ಇತ್ತು, ಬಾಯಿಬಿಟ್ಟು ಹೇಳಿದವರಲ್ಲ.

ನನ್ನ ಡಿಗ್ರಿ ಮುಗಿದದ್ದು 2001ರಲ್ಲಿ. ಅದೇ ವರ್ಷ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಂದಿನಿಂದ ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ. ಅಷ್ಟು ಕೆಳಗೆ ಬಂಡೆಯೇ ಅರವತ್ತು ಡಿಗ್ರಿಗೂ ಮೀರಿ ಕಾದಿರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ವಿದ್ಯುತ್ತು ತಂದದ್ದು ಈ ಗಣಿಗಳಿಗಾಗಿಯೇ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು ಹೇಳಲೇಬೇಕು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಪ್ರಪಂಚದಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಕೋಲಾರದ ಗಣಿ ಒಂದು. 1965ರಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ ಉಪಕರಣಗಳನ್ನಿಟ್ಟು ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನು, ಇಂಗ್ಲೆಂಡಿನವರೊಂದಿಗೆ ಆ ಪ್ರಯೋಗ ಮಾಡಿದರು. ಅವರೂ ಗಣಿಯವರಂತೆಯೇ ಯಾರೋ ಕಾಣದ ಡ್ರೈವರನ ಕೈಯನ್ನು ನಂಬಿ ಕೇಜಿನಲ್ಲಿ ಇಳಿದವರು.

ಮುಚ್ಚಿದ್ದಕ್ಕೆ ಕಾರಣ ಸರಳವಾದದ್ದು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಅದುರಿನಲ್ಲಿ ಚಿನ್ನ ತೆಳುವಾಯಿತು. ಹೊರಗೆ ಹತ್ತು ಗ್ರಾಂ ಬಂಗಾರ ಆಗ ಐದು ಸಾವಿರ ರೂಪಾಯಿಗೂ ಕಡಿಮೆಗೆ ಸಿಗುತ್ತಿತ್ತು. ಈಗಿನ ದರ ನೋಡಿದವರಿಗೆ ನಗು ಬರಬೇಕು. ನನಗೆ ಒಂದು ನೆಪ ಸಿಕ್ಕಿತು. "ಕೋಲಾರನ ಮುಚ್ಚೇತಿ, ನಾ ಗಣಿಗೆ ಹೋಗಿ ಏನ್ ಮಾಡ್ಲಿ?" ಎಂದು ಅಪ್ಪನಿಗೆ ಹೇಳಿದೆ. ನಿಜವಾದ ಕಾರಣ 1992ರದು. ಅದನ್ನು ಹೇಳಲಿಲ್ಲ. ಅಪ್ಪ "ಆತು" ಎಂದರು. ನಾನು ದೂರದರ್ಶನದ ಕೆಲಸ ಹಿಡಿದೆ.

2009ರಲ್ಲಿ, ಅಪ್ಪನ ನಿವೃತ್ತಿಗೆ ಒಂದು ವರ್ಷ ಮೊದಲು, ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ನಾನೇ ಹಟ್ಟಿಗೆ ಹೋದೆ. ಅಪ್ಪ ಆ ದಿನ ಪಾಳಿಯಲ್ಲಿದ್ದರು. ಮಗನನ್ನು ತಂದೆಯೇ ಗಣಿಗಿಳಿಸುವ ದೃಶ್ಯ ಸಿಗುತ್ತದೆ ಎಂದು ನಮ್ಮ ಕ್ಯಾಮೆರಾಮನ್ನಿಗೆ ಹುರುಪು. ನನಗೂ ಒಳಗೊಳಗೇ ಆಸೆ. ಆದರೆ ನಾವು ಶಾಫ್ಟಿನ ಹತ್ತಿರ ಬೂಟು, ಹೆಲ್ಮೆಟ್ಟು, ದೀಪ ಹಾಕಿಕೊಂಡು, ನಂಬರಿನ ಬಿಲ್ಲೆ ತೆಗೆದುಕೊಂಡು ನಿಂತಾಗ ತಿಳಿಯಿತು, ಅಪ್ಪ ತಮ್ಮ ಜಾಗಕ್ಕೆ ಇನ್ನೊಬ್ಬ ಡ್ರೈವರನ್ನು ಕೂರಿಸಿ ಹೊರಗೆ ಬಂದುಬಿಟ್ಟಿದ್ದಾರೆ. ದೂರದಲ್ಲಿ ನೆರಳಿಗೆ ನಿಂತಿದ್ದರು. ಕೈ ಕೂಡ ಬೀಸಲಿಲ್ಲ.

ಕೇಜಿನ ಬಾಗಿಲು ಮುಚ್ಚಿತು. ಮೂರು ಗಂಟೆ, ಸ್ವಲ್ಪ ಬಿಟ್ಟು ಎರಡು. ಕಾಲ ಕೆಳಗಿನ ನೆಲ ಜಾರಿತು. ಬೆಳಕಿನ ಚೌಕ ತಲೆಯ ಮೇಲೆ ಸಣ್ಣದಾಗುತ್ತ ಹೋಗಿ ಆರಿತು. ಕಿವಿ ಕಟ್ಟಿತು, ಮುಖಕ್ಕೆ ಒದ್ದೆ ಗಾಳಿ ಬಡಿಯಿತು. ಪಕ್ಕದಲ್ಲಿ ನಿಂತವರು ಎಲೆ ಅಡಿಕೆ, ಹೊಲ, ಮಗಳ ಮದುವೆ ಎಂದು ಮಾತಾಡಿಕೊಳ್ಳುತ್ತಿದ್ದರು. ಕೆಳಗೆ ರೈಲಿನ ಸುರಂಗದಂಥ ದಾರಿಗಳು, ನೀರು ಹಾಯಿಸುತ್ತ ಬಂಡೆ ಕೊರೆಯುವ ಯಂತ್ರಗಳು. ನೀರು ಏಕೆಂದರೆ ಒಣ ಕೊರೆತದ ದೂಳು ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಈ ವೃತ್ತಿಗೆ ಹೋಗಬೇಕೆನ್ನುವವರು ಈ ಹೆಸರನ್ನು ಮೊದಲೇ ತಿಳಿದಿರಬೇಕು. ಬಂಡೆ ಕುಸಿತ, ಸಿಡಿಮದ್ದಿನ ಹೊಗೆ, ಕಾವು, ಇವೂ ನಿಜ. ದೇಶದಲ್ಲಿ ಗಣಿ ಸುರಕ್ಷತೆಗೆಂದೇ 1902ರಿಂದ ಒಂದು ಸರಕಾರಿ ಇಲಾಖೆ ಇರುವುದು ಸುಮ್ಮನೆ ಅಲ್ಲ.

ನಾಲ್ಕು ತಾಸಿನ ನಂತರ ಮೇಲೆ ಬಂದಾಗ ಅಪ್ಪ ಅದೇ ನೆರಳಿನಲ್ಲಿ ಅದೇ ಕಡೆ ಮುಖ ಮಾಡಿ ನಿಂತಿದ್ದರು. "ಊಟ ಮಾಡು" ಎಂದರು. ನನಗೆ ಬೇಸರವಾಗಿತ್ತು. ಮೂವತ್ತೈದು ವರ್ಷ ಊರವರನ್ನೆಲ್ಲ ಇಳಿಸಿ ಏರಿಸಿದವರಿಗೆ ಒಂದು ದಿನ ಮಗನನ್ನು ಇಳಿಸಲು ಆಗಲಿಲ್ಲವೇ? ಕಾರ್ಯಕ್ರಮದಲ್ಲಿ ಅಪ್ಪನ ಒಂದು ಚಿತ್ರವೂ ಇರಲಿಲ್ಲ.

ಈ ಮಾತೆಲ್ಲ ಮತ್ತೆ ಎದ್ದದ್ದು ನನ್ನ ಮಗಳಿಂದ. ಅವಳು ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ಇತ್ತೀಚೆಗೆ ಒಂದು ಸಂಜೆ ಗೋಪನಕೊಪ್ಪದ ಕಟ್ಟೆಯ ಮೇಲೆ, ಸುರತ್ಕಲ್ಲಿನಲ್ಲಿ ಗಣಿ ಎಂಜಿನಿಯರಿಂಗ್ ಸಿಕ್ಕರೆ ಸೇರುತ್ತೇನೆ ಎಂದಳು. ಅವಳ ತಾಯಿಗೆ ಕೈಯಲ್ಲಿದ್ದ ಚಹಾದ ಕಪ್ಪು ನಡುಗಿತು. ಹೆಣ್ಣುಮಕ್ಕಳು ಗಣಿಯೊಳಗೆ ಇಳಿಯುವುದಕ್ಕೆ 1952ರ ಕಾಯ್ದೆ ಅವಕಾಶ ಕೊಟ್ಟಿರಲಿಲ್ಲ. 2019ರಲ್ಲಿ ಕೇಂದ್ರ ಸರಕಾರ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಿಗೆ, ಅವರ ಒಪ್ಪಿಗೆ ಇದ್ದರೆ, ಹಗಲು ಪಾಳಿಯಲ್ಲಿ ಆ ಬಾಗಿಲು ತೆರೆಯಿತು. ಮಗಳಿಗೆ ಇದೆಲ್ಲ ಬಾಯಿಪಾಠ. ಧನಬಾದಿನ ಸಂಸ್ಥೆ 1926ರದು, ಕೋಲಾರದ ಗಣಿ ಪ್ರದೇಶದಲ್ಲೂ ಈ ವಿಷಯದ ಕಾಲೇಜಿದೆ ಎಂದೆಲ್ಲ ಹೇಳಿದಳು. ಆಮೇಲೆ ಅಜ್ಜನ ಕಡೆ ತಿರುಗಿ, "ಅಜ್ಜಾ, ನಿಮಗ ಯಾವತ್ತರ ಅಂಜಿಕಿ ಆಗಿತ್ತೇನು?" ಎಂದು ಕೇಳಿದಳು. ನಾನು ನಲವತ್ತು ವರ್ಷದಲ್ಲಿ ಕೇಳದ ಪ್ರಶ್ನೆ ಅದು.

ಅಪ್ಪ ಎಂದಿನಂತೆ ಪ್ರಶ್ನೆಯನ್ನು ತಮ್ಮೊಳಗೆ ಒಮ್ಮೆ ಹೇಳಿಕೊಂಡರು. "ಒಂದs ದಿನ ಆಗಿತ್ತು" ಎಂದರು. "ನಮ್ಮವ್ವ ಹೋದ ದಿನ. ತಾರು ಕಿಸೇದಾಗ ಇತ್ತು. ಇಳಿಸಿದವ ನಾನು, ಏರಿಸವನೂ ನಾನs ಅಂತ ಹಟಾ ಮಾಡಿ ಕುಂತೆ. ಪಾಳಿ ಬಿಡೂ ಹೊತ್ತಿನ್ಯಾಗ ಕೆಳಗಿಂದ ಗಂಟಿ ಆತು. ಎರಡೋ ಮೂರೋ ನನಗ ತಿಳೀಲಿಲ್ಲ. ಕೈ ಲಿವರಿನ ಮ್ಯಾಲ ಇತ್ತು, ನಡುಗಾಕತ್ತಿತ್ತು. ನಾ ಹಂಗs ಕುಂತೆ. ಮತ್ತ ಬಡಿದ್ರು, ಎಣಿಸಿದೆ, ಮೂರು. ಆಮ್ಯಾಗ ಎತ್ತಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಯಾರಿಗೂ ಏನೂ ಆಗಲಿಲ್ಲ. ಆದ್ರ ನಾ ಅವತ್ತು ಅಲ್ಲಿ ಕುಂದ್ರಬಾರದಿತ್ತು. ತಾರು ಬಂದ ಕೂಡ್ಲೆ ಎದ್ದು, ನನ್ನ ಕೈ ಸರಿ ಇಲ್ಲ, ಬ್ಯಾರೇವ್ರನ್ನ ಕರೀರಿ ಅನಬೇಕಿತ್ತು. ನಮ್ಮಣ್ಣ ನನ್ನ ಬೈದ, ತಾಯಿಗೆ ತಪ್ಪಿದಿ ಅಂತ. ನಾ ತಪ್ಪಿದ್ದು ಕೆಳಗಿನ ಮಂದಿಗೆ."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾವೆಲ್ಲ ಅವರ ಮೇಲೆ ಹೊರಿಸಿದ್ದ ತಪ್ಪು ಒಂದು, ಅವರು ತಾವೇ ಹೊತ್ತುಕೊಂಡಿದ್ದ ತಪ್ಪು ಇನ್ನೊಂದು. ಅವರು ಎದ್ದು ಬಂದಿದ್ದರೆ ಎರಡೂ ಆಗುತ್ತಿತ್ತು, ತಾಯಿಯ ಮುಖವೂ ಸಿಗುತ್ತಿತ್ತು, ಕೆಳಗಿನವರಿಗೆ ನಡುಗದ ಕೈಯೂ ಸಿಗುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. "ದೊಡ್ಡಪ್ಪಗ ಹೇಳಿದ್ರೇನು?" ಎಂದೆ. ದೊಡ್ಡಪ್ಪ ಈಗಿಲ್ಲ. "ಅವ ಕೇಳಲಿಲ್ಲ" ಎಂದರು.

ನಾನು ಹಟ್ಟಿಗೆ ಬಂದಾಗ ಎದ್ದು ಹೊರಗೆ ಹೋದದ್ದು ಅದಕ್ಕೇನು ಎಂದು ಕೇಳಿದೆ. ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಕೇಜಿನ್ಯಾಗ ಯಾರದಾರ ಅಂತ ಕೈಗೆ ಗೊತ್ತಿರಬಾರದು. ನೀ ಇದ್ದಿ. ನನಗ ಗೊತ್ತಿತ್ತು" ಎಂದರು. ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಆ ದಿನ ಎರಡನೇ ಪಾಳಿ ಇತ್ತು. ನಾ ಕ್ಯಾಲೆಂಡರಿನ್ಯಾಗ ಬರದಿದ್ದೆ" ಎಂದರು. ಅಜ್ಜಿ ಹೋದ ದಿನದ ಬಗ್ಗೆ ಅವರು ಹೇಳುತ್ತಿದ್ದರು.

ಮಗಳು ಕಾಲೇಜುಗಳ ಆಯ್ಕೆಪಟ್ಟಿಯಲ್ಲಿ ಗಣಿಯನ್ನು ಎರಡನೆಯದಾಗಿ ಬರೆದಿದ್ದಾಳೆ. ಮೊದಲನೆಯದು ಯಾವುದು ಎಂದು ಅವಳ ತಾಯಿ ಕೇಳಿಲ್ಲ. ಆ ಮಾತು ತೆಗೆದರೆ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ನಾನು ಏನು ಹೇಳಲಿ? ಚಿತ್ರೀಕರಣವೆಂದು ಊರೂರು ಸುತ್ತುತ್ತ ಮಗಳ ಎಷ್ಟೋ ಹುಟ್ಟುಹಬ್ಬಗಳಿಗೆ ಮನೆಯಲ್ಲಿ ಇಲ್ಲದವನು ನಾನು. ನನ್ನ ಮುಂದೆ ಬೆರಳು ತೋರಿಸುವ ಹಕ್ಕು ಅವಳಿಗೂ ಇದೆ. ಅಪ್ಪ ಮೊಮ್ಮಗಳಿಗೆ ಹೋಗು ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಕೇಳಿದ್ದು ಒಂದೇ: "ನಿಮ್ಮವ್ವ ರಾತ್ರಿ ಎದ್ದು ಕುಂತ್ರ, ಯಾರ್ ನೋಡ್ಕೋತಾರ, ಅದನ್ನ ವಿಚಾರ ಮಾಡೀಯೇನು?"

ಮಗಳು ಇನ್ನೂ ಉತ್ತರ ಕೊಟ್ಟಿಲ್ಲ. ದಿನಾ ಸಂಜೆ ಅಜ್ಜನ ಹತ್ತಿರ ಕೂತು, ಸೂಚಕದ ಮುಳ್ಳು ಹೇಗೆ ತಿರುಗುತ್ತದೆ, ಹಗ್ಗದ ಎಳೆ ತುಂಡಾದರೆ ಹೇಗೆ ಗೊತ್ತಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದಾಳೆ. ನಿನ್ನೆ ನೋಡಿದರೆ ಅವಳ ತಾಯಿಯೂ ಕೈ ಒರೆಸಿಕೊಳ್ಳುತ್ತ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಹಗ್ಗವನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂದು ಕೇಳಿದಳು. "ದಿನಾ" ಎಂದರು ಅಪ್ಪ.